ಟಕ್ ಎಂಬ ಸಾಕ್ಷಿ

‘ಸೆಲ್ಫ್ ತಗೊಳ್ತಿಲ್ಲ’ ಎಂಬ ದೂರಿಗೂ ‘ಬ್ಯಾಟರಿ ಹೋಗಿದೆ’ ಎಂಬ ತೀರ್ಪಿಗೂ ನಡುವೆ ನಮ್ಮಲ್ಲಿ ಒಂದು ನಿಮಿಷದ ಅಂತರವೂ ಇರುವುದಿಲ್ಲ. ರಾತ್ರಿಯೇ ಟೊಮೆಟೊ ಕ್ರೇಟುಗಳನ್ನು ಪೇರಿಸಿ ಹಗ್ಗ ಬಿಗಿದಿಟ್ಟ ಪಿಕಪ್ ಬೆಳಗಿನ ಜಾವ ಕೋಲಾರದ ಮಾರುಕಟ್ಟೆಗೆ ಹೊರಡಬೇಕು. ಕೀ ತಿರುಗಿಸಿದರೆ ಮೀಟರಿನ ದೀಪಗಳು ಹೊತ್ತಿಕೊಳ್ಳುತ್ತವೆ, ಬಾನೆಟ್ಟಿನ ಕೆಳಗಿನಿಂದ ‘ಟಕ್’ ಎಂದು ಒಂದು ಸದ್ದು ಬರುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಅಂಥ ಹೊತ್ತಿನಲ್ಲಿ ಸುತ್ತ ನಿಂತವರೆಲ್ಲರ ಬೆರಳೂ ಬ್ಯಾಟರಿಯ ಕಡೆಗೇ ಹೋಗುತ್ತದೆ. ಎಷ್ಟೋ ಸಲ ಆ ಬೆರಳು ಸರಿಯಾದ ಕಡೆಗೇ ತೋರಿಸುತ್ತಿರುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಕೂರಿಸಿದ ಮೇಲೂ ತಿಂಗಳೊಪ್ಪತ್ತಿನಲ್ಲಿ ಅದೇ ಟಕ್ ಮರಳಿ ಬರುವುದೂ ಅಪರೂಪವಲ್ಲ. ಹಾಗಾಗುವುದು, ಆ ಸದ್ದು ಏನು ಹೇಳುತ್ತಿತ್ತು ಎಂದು ಯಾರೂ ಕಿವಿಗೊಟ್ಟು ಕೇಳದೆ ಇದ್ದಾಗ. ಪೂರ್ತಿ ಸುಮ್ಮನಾದ ಗಾಡಿಗಿಂತ ಟಕ್ ಎನ್ನುವ ಗಾಡಿ ನಮಗೆ ಎಷ್ಟೋ ಹೆಚ್ಚು ಸುಳಿವು ಕೊಡುತ್ತದೆ. ಆ ಸುಳಿವು ಹಿಡಿದು ಹೊರಟರೆ, ಏನನ್ನೇ ಬದಲಾಯಿಸುವ ಮುಂಚೆ ಅಳೆದು ನೋಡಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಅದೂ ಗಾಡಿ ತಣ್ಣಗೆ ನಿಂತಿರುವಾಗ ಅಲ್ಲ, ಸೆಲ್ಫ್ ಹೊಡೆಯುತ್ತಿರುವ ಆ ಎರಡು ಮೂರು ಸೆಕೆಂಡಿನಲ್ಲಿ.

ಮೊದಲು ಆ ಸದ್ದು ಎಲ್ಲಿಂದ ಬರುತ್ತದೆ ನೋಡೋಣ. ಒಂದು ಕಾಲಕ್ಕೆ ಮೋಟಾರು ಗಾಡಿಗಳನ್ನು ಮುಂದೆ ನಿಂತು ಹ್ಯಾಂಡಲ್ ತಿರುವಿಯೇ ಎಬ್ಬಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕೆಲಸ ಮೋಟರಿನದಾಯಿತು. ನಾವು ಸೆಲ್ಫ್ ಎನ್ನುವುದು ಅದೇ ಮೋಟರನ್ನು. ಅದರ ಬೆನ್ನ ಮೇಲೆ ಕೂತಿರುವ ಸಣ್ಣ ಉರುಳೆ ಸೊಲೆನಾಯ್ಡ್. ಕೀ ತಿರುಗಿಸಿದಾಗ ಸಣ್ಣ ತಂತಿಯೊಂದರಲ್ಲಿ ಕರೆಂಟು ಬಂದು ಸೊಲೆನಾಯ್ಡಿನ ಸುರುಳಿಯನ್ನು ಅಯಸ್ಕಾಂತವಾಗಿಸುತ್ತದೆ. ಅದು ಒಳಗಿನ ಕಬ್ಬಿಣದ ದಿಂಡನ್ನು ಸೆಳೆದುಕೊಳ್ಳುತ್ತದೆ. ಆ ಒಂದೇ ಸೆಳೆತಕ್ಕೆ ಎರಡು ಕೆಲಸ. ಒಂದು ಕಡೆ ಸಣ್ಣ ಹಲ್ಲುಚಕ್ರ ಮುಂದಕ್ಕೆ ಸರಿದು ಫ್ಲೈವೀಲಿನ ದೊಡ್ಡ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಕಡೆ, ದಿಂಡು ಕೊನೆ ಮುಟ್ಟಿದಾಗ ತಾಮ್ರದ ಬಿಲ್ಲೆಯೊಂದು ಎರಡು ದಪ್ಪ ಬೋಲ್ಟುಗಳ ನಡುವೆ ಸೇತುವೆಯಾಗಿ ಕೂರುತ್ತದೆ. ಬ್ಯಾಟರಿಯಿಂದ ಬಂದ ದಪ್ಪ ಕೇಬಲ್ಲಿನ ಭಾರಿ ಕರೆಂಟು ಆಗ ಮೋಟರಿಗೆ ನುಗ್ಗುತ್ತದೆ. ನಮಗೆ ಕೇಳಿಸುವ ಟಕ್ ಆ ದಿಂಡು ಕೊನೆ ಮುಟ್ಟಿದ ಸದ್ದು. ಅದು ಗಟ್ಟಿಯಾಗಿ ಕೇಳಿಸಿತೆಂದರೆ ಕೀ ಸ್ವಿಚ್ಚು, ಫ್ಯೂಸು, ರಿಲೇ, ಸೊಲೆನಾಯ್ಡಿನವರೆಗಿನ ಸಣ್ಣ ತಂತಿ ಎಲ್ಲವೂ ತಮ್ಮ ಪಾಲಿನ ಕೆಲಸ ಮಾಡಿವೆ ಎಂದೇ ಅರ್ಥ. ಹುಡುಕಾಟದ ಅರ್ಧ ದಾರಿ ಅಲ್ಲಿಗೇ ಸವೆಯಿತು. ಸೆಲ್ಫ್ ಮೋಟರಿನ ಹತ್ತಿರ ಇನ್ನೊಬ್ಬರನ್ನು ನಿಲ್ಲಿಸಿ ಕೇಳಿಸಿಕೊಳ್ಳುವುದು ಒಳ್ಳೆಯದು. ಫ್ಯೂಸ್ ಪೆಟ್ಟಿಗೆಯೊಳಗಿನ ರಿಲೇ ಕೂಡ ಸಣ್ಣಗೆ ಟಿಕ್ ಎನ್ನುತ್ತದೆ, ಅದನ್ನೇ ಸೊಲೆನಾಯ್ಡ್ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಯಾವ ಸದ್ದೂ ಇಲ್ಲದ ಗಾಡಿಯ ಕತೆ ಬೇರೆ, ಅಲ್ಲಿ ಕೀ, ಫ್ಯೂಸು, ಕ್ಲಚ್ ಸ್ವಿಚ್ಚುಗಳ ಕಡೆ ಹೋಗಬೇಕು.

ಸದ್ದಿನಲ್ಲೂ ಎರಡು ಬಗೆ. ಒಂದೇ ಒಂದು ಗಟ್ಟಿ ಟಕ್ ಒಂದು ಬಗೆ. ಕೀ ಹಿಡಿದಷ್ಟು ಹೊತ್ತೂ ಟಕಟಕಟಕ ಎಂದು ಬಡಿದುಕೊಳ್ಳುವುದು ಇನ್ನೊಂದು. ಎರಡನೆಯದನ್ನು ಪಂಪ್‌ಸೆಟ್ಟಿರುವ ರೈತರಿಗೆ ವಿವರಿಸಬೇಕಾಗಿಯೇ ಇಲ್ಲ. ಲೈನಿನಲ್ಲಿ ವೋಲ್ಟೇಜ್ ಇಳಿದ ದಿನ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್ ಹಿಡಿಯಲಾರದೆ ಬಿಡಲಾರದೆ ಕಟಕಟ ಬಡಿದುಕೊಳ್ಳುವುದನ್ನು ಅವರು ಕಂಡಿರುತ್ತಾರೆ. ಇಲ್ಲಿ ನಡೆಯುವುದೂ ಅದೇ. ಸೊಲೆನಾಯ್ಡಿನೊಳಗೆ ಸುರುಳಿಗಳು ಎರಡು: ದಿಂಡನ್ನು ಸೆಳೆಯಲು ಬಲವಾದದ್ದೊಂದು, ಸೆಳೆದದ್ದನ್ನು ಹಿಡಿದಿಟ್ಟುಕೊಳ್ಳಲು ಹಗುರವಾದದ್ದೊಂದು. ತಾಮ್ರದ ಬಿಲ್ಲೆ ಕೂತ ಕೂಡಲೇ ಸೆಳೆಯುವ ಸುರುಳಿ ತಾನಾಗಿ ಸುಮ್ಮನಾಗುತ್ತದೆ, ಹಿಡಿಯುವ ಸುರುಳಿಯೊಂದೇ ಉಳಿಯುತ್ತದೆ. ಅದೇ ಗಳಿಗೆಯಲ್ಲಿ ಮೋಟರು ಭಾರಿ ಕರೆಂಟು ಎಳೆದು, ನಿತ್ರಾಣವಾಗಿದ್ದ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಹಿಡಿತ ತಪ್ಪಿ ಸ್ಪ್ರಿಂಗು ದಿಂಡನ್ನು ಹಿಂದಕ್ಕೆ ತಳ್ಳುತ್ತದೆ. ಸಂಪರ್ಕ ತಪ್ಪಿದೊಡನೆ ಭಾರ ಇಳಿದು ವೋಲ್ಟೇಜ್ ಮತ್ತೆ ಚೇತರಿಸಿಕೊಳ್ಳುತ್ತದೆ, ದಿಂಡು ಮತ್ತೆ ಸೆಳೆಯಲ್ಪಡುತ್ತದೆ. ಸೆಕೆಂಡಿಗೆ ಹಲವು ಸಲ ಇದು ನಡೆದಾಗ ಕೇಳುವುದೇ ಟಕಟಕ. ಹೀಗಾಗಿ ಬಡಿದುಕೊಳ್ಳುವ ಸದ್ದು ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಬ್ಯಾಟರಿಯಿಂದ ಬರುವ ದಾರಿ ಕಟ್ಟಿದೆ ಎಂದು ಹೇಳುತ್ತದೆ. ಒಂಟಿ ಟಕ್ ಮಾತ್ರ ಹೆಚ್ಚಾಗಿ ಸೊಲೆನಾಯ್ಡಿನ ಸುಟ್ಟ ಬಿಲ್ಲೆಯ ಕಡೆಗೋ, ಸವೆದ ಕಾರ್ಬನ್ ಬ್ರಶ್ಶುಗಳ ಕಡೆಗೋ ಕೈ ತೋರಿಸುತ್ತದೆ. ‘ಹೆಚ್ಚಾಗಿ’ ಎಂದದ್ದು ಬೇಕೆಂದೇ. ತೀರ ಸೊರಗಿದ ಬ್ಯಾಟರಿಯೂ ಒಮ್ಮೊಮ್ಮೆ ಒಂದೇ ಟಕ್ ಎಂದು ಮಲಗಿಬಿಡುತ್ತದೆ. ಅದಕ್ಕೇ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದು ನೋಡಬೇಕು. ದೀಪ ನಂದುವಷ್ಟು ಮಂಕಾದರೆ ಕೊರತೆ ಬ್ಯಾಟರಿಯದೋ ಅದರ ಟರ್ಮಿನಲ್ಲಿನದೋ. ಟಕ್ ಎಂದರೂ ದೀಪದ ಬೆಳಕು ಕದಲದಿದ್ದರೆ ಮೋಟರಿಗೆ ಕರೆಂಟು ಹೋಗಿಯೇ ಇಲ್ಲ, ಆ ಕರೆಂಟನ್ನು ಕೊಡಬೇಕಾದ ಬ್ಯಾಟರಿಯನ್ನು ಆಗ ದೂರುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಯಾರಾದರೂ ಕೇಳಬಹುದು: ಹಾರ್ನ್ ಜೋರಾಗಿ ಹೊಡೆಯುತ್ತಿದೆ, ದೀಪ ಚೆನ್ನಾಗಿ ಉರಿಯುತ್ತಿದೆ ಎಂದ ಮೇಲೆ ಬ್ಯಾಟರಿಯೂ ಸರಿ, ತಂತಿಗಳೂ ಸರಿ ಎಂದಾಯಿತಲ್ಲವೇ? ಆಗಲಿಲ್ಲ. ಇದೊಂದು ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ದೊಡ್ಡದು, ಆದ್ದರಿಂದ ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ಹಾರ್ನು ಎಳೆಯುವುದು ಸುಮಾರು 5 ಆಂಪಿಯರ್. ಹೆಡ್‌ಲೈಟಿನ ಎರಡು ಹ್ಯಾಲೊಜನ್ ಬಲ್ಬುಗಳು ಸೇರಿ ಸುಮಾರು 10. ಬೊಲೆರೊ ಪಿಕಪ್ಪಿನಲ್ಲಿರುವಂಥ 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟರಿಗೆ 200 ಆಂಪಿಯರಿಗೂ ಮೀರಿ ಬೇಕಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಹಿಂಡಿ ಹಿಂಡಿ ಕಾಯಿಸಿಯೇ ಇಂಧನ ಹೊತ್ತಿಸಬೇಕು, ಆ ಹಿಂಡುವಿಕೆಯ ಭಾರವೆಲ್ಲ ಈ ಮೋಟರಿನ ಮೇಲೆ. ಈಗ ಟರ್ಮಿನಲ್ಲಿನಲ್ಲಿ ಕಿಲುಬು ಕಟ್ಟಿ 0.02 ಓಮಿನಷ್ಟು ತಡೆ ಹುಟ್ಟಿದೆ ಎಂದಿಟ್ಟುಕೊಳ್ಳಿ. ಹಾರ್ನಿನ 5 ಆಂಪಿಯರು ಆ ಜಾಗ ದಾಟುವಾಗ ಕಳೆದುಕೊಳ್ಳುವುದು 0.1 ವೋಲ್ಟ್, ಹಾರ್ನಿಗೆ ಅದು ಗೊತ್ತೇ ಆಗುವುದಿಲ್ಲ. ಸೆಲ್ಫಿನ 200 ಆಂಪಿಯರು ಅದೇ ಜಾಗ ದಾಟಬೇಕೆಂದರೆ 4 ವೋಲ್ಟ್ ಅಲ್ಲೇ ತೆರಬೇಕು. 12 ವೋಲ್ಟಿನ ಗಾಡಿಯಲ್ಲಿ ಮೂರನೆಯ ಒಂದು ಪಾಲು ಒಂದು ಚಿಟಿಕೆ ಪುಡಿಗೆ ಹೋದರೆ ಎಂಜಿನ್ ತಿರುಗುವುದು ಹೇಗೆ? ಕಸ ಕಟ್ಟಿದ ಪೈಪಿನಲ್ಲೂ ನಲ್ಲಿಗೆ ಬೇಕಾದ ಸಣ್ಣ ಧಾರೆ ಬರುತ್ತದೆ. ತೋಟಕ್ಕೆ ನೀರು ಹಾಯಿಸಹೋದಾಗಲೇ ಕಟ್ಟಿರುವುದು ತಿಳಿಯುವುದು. ಹಾರ್ನು ಕೊಡುವ ಸಾಕ್ಷಿ ಹಾರ್ನಿಗಷ್ಟೇ ಸಲ್ಲುತ್ತದೆ.

ಈ ತಡೆ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಗಾಡಿ ಓಡುವ ಊರೂ ಒಂದು ಉತ್ತರ. ಮಲ್ಪೆಯ ಬಂದರಿನಿಂದ ಮೀನು, ಐಸು ಹೊರುವ ಪಿಕಪ್ಪಿನ ಮೈಮೇಲೆ ದಿನವೂ ಉಪ್ಪುನೀರು ಸುರಿಯುತ್ತದೆ. ಅಲ್ಲಿ ಕೇಬಲ್ಲಿನ ರಬ್ಬರ್ ಹೊದಿಕೆ ಹೊರಗೆ ಚೆನ್ನಾಗಿಯೇ ಕಂಡರೂ ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ಪುಡಿಯಾಗಿರಬಹುದು. ಮಲೆನಾಡಿನ ಮಳೆ, ಕೆಸರು ಚಾಸಿಗೆ ಕಚ್ಚಿದ ಅರ್ಥ್ ಪಟ್ಟಿಯ ಬೋಲ್ಟಿಗೆ ತುಕ್ಕು ತರುತ್ತವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾತ್ರ ನನ್ನ ಅನುಮಾನ ಮೊದಲು ಬ್ಯಾಟರಿಯ ಮೇಲೇ ಹೋಗುತ್ತದೆ, ಏಕೆಂದರೆ ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಮುಖ್ಯವಾಗಿ ಸೆಕೆ. ಹತ್ತು ಡಿಗ್ರಿ ಕಾವು ಹೆಚ್ಚಿದರೆ ಅದರ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಎಲ್ಲ ಊರುಗಳಲ್ಲೂ ಕಣ್ತಪ್ಪುವ ಜಾಗವೆಂದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟುಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ ಕಟ್ಟಿದ್ದರೆ, ಮೋಟರಿಗೆ ಹೋದ ಕರೆಂಟೆಲ್ಲ ಆ ಪಟ್ಟಿಯ ಮೂಲಕವೇ ಹಿಂದಿರುಗಬೇಕು. ಕ್ಲಚ್ಚಿನ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಬಿಚ್ಚಿದ ಪಟ್ಟಿಯನ್ನು ಮರಳಿ ಕಟ್ಟಲು ಮರೆತರೆ, ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಂಥ ಬಡಪಾಯಿ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಅಂಥ ತೆಳು ಕೇಬಲ್ಲು ಬಿಸಿಯಾದರೆ ಅರ್ಥ್ ಪಟ್ಟಿ ಹೋಗಿದೆ ಎನ್ನಲು ಬೇರೆ ಪುರಾವೆ ಬೇಡ.

‘ಏನಾದರೂ ಹೇಳಿ, ಹೊಸ ಬ್ಯಾಟರಿ ಹಾಕಿದ ತಕ್ಷಣ ಗಾಡಿ ಸ್ಟಾರ್ಟ್ ಆಯಿತಲ್ಲ’ ಎಂಬುದು ಅತಿ ಗಟ್ಟಿಯಾಗಿ ಕಾಣುವ ಆಕ್ಷೇಪ. ಆದರೆ ಬ್ಯಾಟರಿ ಬದಲಿಸುವಾಗ ನಿಜಕ್ಕೂ ಏನೇನು ನಡೆಯುತ್ತದೆ ಎಂದು ಬಿಡಿಸಿ ನೋಡಿ. ಹಳೆಯ ಟರ್ಮಿನಲ್ ಬಿಚ್ಚುತ್ತಾರೆ, ಕಟ್ಟಿದ್ದ ಪುಡಿಯನ್ನು ಕೆರೆಯುತ್ತಾರೆ, ಹೊಸ ಸೀಸದ ಮೊಳೆಗೆ ಬಿಗಿಯಾಗಿ ಕೂರಿಸುತ್ತಾರೆ. ಅಂದರೆ ಒಂದೇ ಏಟಿಗೆ ಎರಡು ಬದಲಾವಣೆಗಳಾದವು: ಬ್ಯಾಟರಿ ಹೊಸದಾಯಿತು, ಸಂಪರ್ಕ ಚೊಕ್ಕಟವಾಯಿತು. ಗಾಡಿ ಎದ್ದಿದ್ದು ಯಾವುದರಿಂದ? ಹೊಸ ಬ್ಯಾಟರಿಯಿಂದ ಎಂದು ಮನಸ್ಸು ಹೇಳುತ್ತದೆ, ದುಡ್ಡು ಹೋದದ್ದು ಅದಕ್ಕೇ ತಾನೆ. ಕೆರೆದ ಎರಡು ನಿಮಿಷದ ಕೆಲಸಕ್ಕೆ ಯಾರೂ ಲೆಕ್ಕ ಬರೆಯುವುದಿಲ್ಲ. ಇನ್ನೊಂದು ಸಾಧ್ಯತೆ ಇದಕ್ಕಿಂತ ಮೋಸದ್ದು. ದೋಷ ಕೇಬಲ್ಲಿನಲ್ಲೋ ಅರ್ಥಿನಲ್ಲೋ ಉಳಿದಿರುವಾಗಲೂ, ಹೊಸ ಬ್ಯಾಟರಿ ತನ್ನ ಏರುಜವ್ವನದ ಬಲದಿಂದ ಆ ನಷ್ಟವನ್ನು ಭರಿಸಿಕೊಂಡು ಕೆಲವು ವಾರ ಎಂಜಿನ್ ತಿರುಗಿಸಿಬಿಡುತ್ತದೆ. ಅದರ ಬಲ ಸ್ವಲ್ಪ ಕುಂದಿದೊಡನೆ ಹಳೆಯ ಟಕ್ ಹಾಜರು, ಮತ್ತೆ ಬೈಗುಳ ಬ್ಯಾಟರಿಗೇ. ಅದಕ್ಕೇ ಮೊದಲು ಟರ್ಮಿನಲ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಹೊಳಪು ಬರುವವರೆಗೆ ಉಜ್ಜಿ, ಬಿಗಿದು ಆ ಹಳೆಯ ಬ್ಯಾಟರಿಯಲ್ಲೇ ಒಮ್ಮೆ ಸೆಲ್ಫ್ ಹೊಡೆಯಬೇಕು. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಇದು ಜಿಪುಣತನವಲ್ಲ. ಗುಜರಿಗೆ ಹೋಗುವ ಪ್ರತಿ ಬ್ಯಾಟರಿಯಲ್ಲೂ ಕಿಲೋಗಟ್ಟಲೆ ಸೀಸವಿದೆ. ಇಂಥವೂ ಸೇರಿ ಎಲ್ಲ ಬಗೆಯ ಬ್ಯಾಟರಿಗಳ ವಿಲೇವಾರಿಗೆ ಕೇಂದ್ರ ಸರಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳನ್ನು ತರಬೇಕಾಯಿತು. ಇನ್ನೂ ಎರಡು ವರ್ಷ ಬಾಳಬಹುದಾದದ್ದನ್ನು ಅನುಮಾನದ ಮೇಲೆ ಎಸೆಯುವುದು ನನಗಂತೂ ಒಪ್ಪಿಗೆಯಾಗದ ಮಾತು.

ಇನ್ನು ಅಳೆಯುವ ವಿಚಾರ. ಮಲ್ಟಿಮೀಟರ್ ಎಂದರೆ ಎಲೆಕ್ಟ್ರಿಷಿಯನ್ನರ ಸೊತ್ತು, ನಮಗೇಕೆ ಎಂದು ಹಿಂಜರಿಯುವವರಿದ್ದಾರೆ. ಕೆಲವು ನೂರು ರೂಪಾಯಿಗೆ ಸಿಗುವ ಈ ಸಲಕರಣೆಯಲ್ಲಿ ನಮಗೆ ಬೇಕಾದದ್ದು ಒಂದೇ ಮನೆ, 20 ವೋಲ್ಟ್ ಡಿಸಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುಪಾಲು ಬರಿದು. ಆದರೆ ಇದು ಪೀಠಿಕೆ ಮಾತ್ರ. ಒಳಗಿನ ಫಲಕಗಳು ಸತ್ತ ಬ್ಯಾಟರಿಯೂ ಸುಮ್ಮನಿದ್ದಾಗ 12.6 ತೋರಿಸಿ ಭಾರ ಬಿದ್ದೊಡನೆ ನೆಲಕಚ್ಚಬಲ್ಲದು. ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಫ್ಯಾನು ಬೆಲ್ಟುಗಳಿಂದ ಕೈ, ಬಟ್ಟೆ ದೂರವಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಬೇಕು. ಮೀಟರಿನ ಮುಳ್ಳುಗಳು ಟರ್ಮಿನಲ್ಲಿನ ಹಿಡಿಕೆಯ ಮೇಲಲ್ಲ, ಬ್ಯಾಟರಿಯ ಸೀಸದ ಮೊಳೆಗಳ ಮೇಲೇ ಇರಲಿ. ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ಮತ್ತೆ ನೋಡಬೇಕು. ಆಗಲೂ ಕುಸಿದರೆ ಬ್ಯಾಟರಿಯ ಕಾಲ ಮುಗಿದಿದೆ, ಬದಲಾಯಿಸುವುದೇ ಸರಿ. 12ರ ಆಸುಪಾಸಿನಲ್ಲೇ ನಿಂತರೆ ಅದು ನಿರಪರಾಧಿ, ಮುಂದಿನ ದಾರಿ ಹುಡುಕಬೇಕು. ಪಾಸಿಟಿವ್ ಮೊಳೆಗೂ ಸೊಲೆನಾಯ್ಡಿನಲ್ಲಿ ದಪ್ಪ ಕೇಬಲ್ ಬಂದು ಸೇರುವ ಬೋಲ್ಟಿಗೂ ನಡುವೆ, ಸೆಲ್ಫ್ ಹೊಡೆಯುವಾಗ, ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್ಲಿನಲ್ಲಿ ದೋಷ. ನೆಗೆಟಿವ್ ಮೊಳೆಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ 0.3ಕ್ಕಿಂತ ಹೆಚ್ಚು ಕಂಡರೆ ಅರ್ಥ್ ಸರಿಯಿಲ್ಲ. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಟಕ್ ಎಂದ ಮೇಲೂ 12 ವೋಲ್ಟ್ ಹಾಗೇ ಉಳಿದಿದ್ದರೆ ತಾಮ್ರದ ಬಿಲ್ಲೆ ಕೂತಿಲ್ಲ, ಅದರ ಮೈ ಸುಟ್ಟಿದೆ. ಬಿಲ್ಲೆ ದಾಟಿ ಮೋಟರಿನವರೆಗೂ ಪೂರ್ತಿ ವೋಲ್ಟೇಜ್ ಬಂದು, ಅರ್ಥೂ ಸರಿಯಿದ್ದು, ಮೋಟರು ಮಾತ್ರ ಮಿಸುಕದಿದ್ದರೆ ಅದರೊಳಗೇ ಕೆಟ್ಟಿದೆ. ಮಾರುಕಟ್ಟೆಗೆ ಹೊತ್ತಾಗುತ್ತಿರುವಾಗ ಇಷ್ಟೆಲ್ಲ ಎಲ್ಲಿ ಸಾಧ್ಯ ಎಂದರೆ, ಒಪ್ಪಬೇಕಾದ ಮಾತೇ. ಕ್ರೇಟಿನಲ್ಲಿರುವ ಹಣ್ಣು ಕಾಯುವುದಿಲ್ಲ. ಆದರೆ ಈ ನಾಲ್ಕೈದು ಅಳತೆಗಳಿಗೆ ಹಿಡಿಯುವುದು ಹತ್ತು ಹದಿನೈದು ನಿಮಿಷ. ಬ್ಯಾಟರಿ ಅಂಗಡಿ ಬಾಗಿಲು ತೆರೆಯುವುದನ್ನು ಕಾಯುವುದಕ್ಕಿಂತ ಅದು ಕಡಿಮೆಯೇ.

ಸೆಲ್ಫ್ ಮೋಟರಿಗೆ ರಾಡಿನಿಂದ ಎರಡೇಟು ಕೊಟ್ಟು ಗಾಡಿ ಎಬ್ಬಿಸುವ ರೂಢಿ ಹಳೆಯದು, ಎಷ್ಟೋ ಸಲ ಅದು ಫಲಿಸುವುದೂ ನಿಜ. ಫಲಿಸಿತೆಂದರೆ ಒಳಗೆ ಬ್ರಶ್ಶು ಸವೆದು ಸಿಕ್ಕಿಕೊಂಡಿದೆ ಅಥವಾ ಸೊಲೆನಾಯ್ಡಿನ ಬಿಲ್ಲೆ ಸರಿಯಾಗಿ ಕೂರುತ್ತಿಲ್ಲ ಎಂಬ ಸುಳಿವು ಸಿಕ್ಕಿತು, ರಿಪೇರಿ ಆಗಲಿಲ್ಲ. ಈಗಿನ ಎಷ್ಟೋ ಮೋಟರುಗಳಲ್ಲಿ ಒಳಗೋಡೆಗೆ ಶಾಶ್ವತ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ, ಗಟ್ಟಿ ಏಟಿಗೆ ಅವು ಒಡೆಯುತ್ತವೆ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುವುದಷ್ಟೇ ಸಾಕು. ಸೊಲೆನಾಯ್ಡಿನ ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಜೋಡಿಸಿ ಕಿಡಿ ಹಾರಿಸುವುದನ್ನಂತೂ ಮಾಡಲೇಬಾರದು: ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವರ ಮೇಲೇ ನುಗ್ಗುತ್ತದೆ, ಬ್ಯಾಟರಿಯಿಂದ ಹೊಮ್ಮುವ ಹೈಡ್ರೊಜನ್ನಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ಮೋಟರಿನಲ್ಲೇ ದೋಷವೆಂದು ಅಳತೆ ತೋರಿಸಿದಾಗಲೂ ಇಡೀ ಮೋಟರು ಬದಲಿಸಬೇಕೆಂದೇನಿಲ್ಲ. ಬ್ರಶ್ಶು, ಬುಷ್ಷು, ಸೊಲೆನಾಯ್ಡು ಬಿಡಿಬಿಡಿಯಾಗಿ ಸಿಗುತ್ತವೆ, ಅವನ್ನು ಕೂರಿಸಬಲ್ಲ ಆಟೊ ಎಲೆಕ್ಟ್ರಿಷಿಯನ್ನರು ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ.

ತಳ್ಳಿ ಸ್ಟಾರ್ಟ್ ಮಾಡಿದರಾಯಿತಲ್ಲ ಎನ್ನುವವರ ಮಾತಿಗೆ ಹಿಂದೆ ಹೆಚ್ಚು ತೂಕವಿತ್ತು. 2005ರಲ್ಲಿ ಬಂದ ಟಾಟಾ ಏಸಿನ ಮೊದಲ ಎಂಜಿನ್ ಎರಡೇ ಸಿಲಿಂಡರಿನ 702 ಸಿಸಿಯದು. ಅಂಥ ಹಗುರ ಗಾಡಿಯನ್ನು ಇಬ್ಬರು ಮೂವರು ಸೇರಿ ದೂಡಿದರೆ ಆಗುತ್ತಿತ್ತು. ಈಗಿನ ಕಾಮನ್ ರೇಲ್ ಡೀಸೆಲ್ ಎಂಜಿನ್ನಿಗೆ ಚಕ್ರ ತಿರುಗಿದರಷ್ಟೇ ಸಾಲದು. ಇಂಧನ ಸಿಂಪಡಿಸಲು ಕಂಪ್ಯೂಟರು ಎಚ್ಚರವಿರಬೇಕು, ಅದಕ್ಕೆ ಬ್ಯಾಟರಿಯಲ್ಲಿ ಸಾಕಷ್ಟು ವೋಲ್ಟೇಜ್ ಬೇಕು, ರೇಲಿನಲ್ಲಿ ಒತ್ತಡ ಏರಬೇಕು. ಸರಕು ತುಂಬಿದ ಪಿಕಪ್ಪನ್ನು ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ದೂಡುವ ಅಪಾಯ ಬೇರೆ. ದೂಡಿದಾಗ ಎದ್ದಿತೆಂದೇ ಇಟ್ಟುಕೊಳ್ಳಿ, ಆಗ ತಿಳಿದದ್ದು ಎಂಜಿನ್ನೂ ಡೀಸೆಲ್ಲೂ ಸರಿಯಿವೆ ಎಂಬುದು ಮಾತ್ರ. ಎದ್ದ ಮೇಲೆ ಬ್ಯಾಟರಿಯ ಮೇಲೆ ಮೀಟರಿಟ್ಟು ನೋಡುವುದು ಲೇಸು: 13.8ರಿಂದ 14.5 ವೋಲ್ಟಿನ ನಡುವೆ ಇದ್ದರೆ ಆಲ್ಟರ್ನೇಟರು ಚಾರ್ಜ್ ಮಾಡುತ್ತಿದೆ; 12.5ರಲ್ಲೇ ನಿಂತಿದ್ದರೆ ಬ್ಯಾಟರಿ ಬರಿದಾಗಿದ್ದು ತನ್ನ ತಪ್ಪಿನಿಂದಲ್ಲ, ಅದಕ್ಕೆ ಊಟವೇ ಸಿಕ್ಕಿಲ್ಲ.

ಇವೆಲ್ಲಕ್ಕಿಂತ ಎಚ್ಚರ ಬೇಕಾದ ಟಕ್ ಇನ್ನೊಂದಿದೆ, ಅದು ಕೇಳಿಸುವುದು ಮಳೆಗಾಲದಲ್ಲಿ. ತುಂಬಿ ಹರಿಯುವ ಹಳ್ಳದಲ್ಲೋ ನೀರು ನಿಂತ ಅಂಡರ್‌ಪಾಸಿನಲ್ಲೋ ಆಫ್ ಆದ ಗಾಡಿ ಮತ್ತೆ ಸೆಲ್ಫ್ ಹೊಡೆದಾಗ ‘ಧಡ್’ ಎಂದು ಭಾರವಾಗಿ ಸದ್ದು ಮಾಡಿ ನಿಂತರೆ, ಹೆಡ್‌ಲೈಟೂ ಅದೇ ಹೊತ್ತಿಗೆ ಮಂಕಾದರೆ, ಮೋಟರಿಗೆ ಕರೆಂಟು ಹೋಗುತ್ತಿದೆ, ಎಂಜಿನ್ ತಿರುಗಲು ಒಪ್ಪುತ್ತಿಲ್ಲ. ಗಾಳಿ ಎಳೆಯುವ ಕೊಳವೆಯಿಂದ ಸಿಲಿಂಡರಿಗೆ ನೀರು ನುಗ್ಗಿರಬಹುದು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಇನ್ನೊಂದು ಬ್ಯಾಟರಿ ಸೇರಿಸಿ ಬಲವಂತ ಮಾಡಿದರೆ, ಗೇರು ಹಾಕಿ ತಳ್ಳಿದರೆ ಕನೆಕ್ಟಿಂಗ್ ರಾಡು ಬಾಗಿ, ಸಾವಿರಗಳಲ್ಲಿ ಮುಗಿಯಬೇಕಾದ ಖರ್ಚು ಲಕ್ಷ ಮುಟ್ಟುತ್ತದೆ. ಅಲ್ಲಿ ಕೀಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಗಾಡಿ ಎಳೆಸಿ ತಂದ ಮೇಲೆ ಮೆಕ್ಯಾನಿಕ್ ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ಎರಡು ಪೂರ್ತಿ ಸುತ್ತು ಎಲ್ಲೂ ಅಡ್ಡಿಯಾಗದೆ ತಿರುಗಿತೆಂದರೆ ಮತ್ತೆ ಬ್ಯಾಟರಿ, ಕೇಬಲ್ಲು, ಅರ್ಥಿನ ಕಡೆ ಬರಬಹುದು. ನಡುವೆ ಗಟ್ಟಿಯಾಗಿ ನಿಂತರೆ ಗ್ಲೋ ಪ್ಲಗ್ಗುಗಳನ್ನೋ ಇಂಜೆಕ್ಟರುಗಳನ್ನೋ ಬಿಚ್ಚಿ, ಸಿಲಿಂಡರಿನ ನೀರು ಹೊರಗೆ ಹೋಗುವವರೆಗೆ ಸೆಲ್ಫ್ ಮುಟ್ಟುವಂತಿಲ್ಲ.